ಕೊಯ್ನಾದ ಹತ್ತು ಸೆಕೆಂಡು: ಭೂಕಂಪಕ್ಕೂ ಒಂದು ಲಾಗ್ ಫೈಲ್ ಬೇಕು

ವಿಡಿಯೋ ಪೂರ್ತಿ ನೋಡೋಕೆ ಪುರಸೊತ್ತಿಲ್ಲ, ಕ್ಯಾಬಲ್ಲಿ ಕೂತು ಓದ್ಕೋತೀವಿ ಅನ್ನೋರಿಗಾಗಿ ಈ ಸಲದ ಮಾತಿನ ಬರಹ ರೂಪ ಇಲ್ಲಿದೆ. ಮಾತಲ್ಲಿ ಸ್ವಲ್ಪ ಓಡಿಸಿಕೊಂಡು ಹೋದ ಕಡೆ ಇಲ್ಲಿ ನಿಧಾನವಾಗಿ ಬಿಡಿಸಿ ಬರೆದಿದ್ದೀನಿ.

ನಮ್ಮಲ್ಲಿ ಮುಕ್ಕಾಲು ಪಾಲು ಜನ ಸಾಫ್ಟ್‌ವೇರ್‌ನವರು, ಹಾಗಾಗಿ ನಮ್ಮ ಭಾಷೆಯಲ್ಲೇ ಶುರು ಮಾಡ್ತೀನಿ. ರಾತ್ರಿ ಮೂರು ಗಂಟೆಗೆ ಪ್ರೊಡಕ್ಷನ್ ಸರ್ವರ್ ಬಿತ್ತು ಅಂದ್ಕೊಳ್ಳಿ. ಬೆಳಗ್ಗೆ ಎಲ್ರೂ ಕಾಲ್‌ಗೆ ಬಂದ್ರು. ಮೊದಲು ಬರೋ ಪ್ರಶ್ನೆ ಯಾವುದು? "ಲಾಗ್ ಎಲ್ಲಿ?" ಲಾಗ್ ಇದ್ರೆ ಎರಡು ಗಂಟೆಯಲ್ಲಿ ಕಾರಣ ಸಿಗುತ್ತೆ. ಲಾಗ್ ಇಲ್ಲ ಅಂದ್ರೆ ಎರಡು ವಾರ ಊಹೆ ಮಾಡ್ತಾ ಕೂರಬೇಕು. ಕೊನೆಗೆ "ಹೀಗಾಗಿರಬಹುದು" ಅಂತ ಬರೆದು ಟಿಕೆಟ್ ಮುಚ್ಚಬೇಕು. ಆದ್ರೆ ನಮಗೆ ಒಂದು ಅನುಕೂಲ ಇದೆ. ಲಾಗಿಂಗ್ ಆನ್ ಮಾಡಿ, ಅದೇ ಲೋಡ್ ಮತ್ತೆ ಕೊಟ್ಟು ನೋಡಬಹುದು.

ಭೂಕಂಪದಲ್ಲಿ ಆ ಅನುಕೂಲ ಇಲ್ಲ. ಭೂಮಿ ನಡುಗೋದು ಹತ್ತು ಸೆಕೆಂಡೋ ನಲವತ್ತು ಸೆಕೆಂಡೋ. ಅಷ್ಟರಲ್ಲಿ ಹತ್ತಿರದಲ್ಲಿ ಒಂದು ಯಂತ್ರ ಎಚ್ಚರವಾಗಿದ್ದು ಬರೆದುಕೊಂಡರೆ ಬಂತು, ಇಲ್ಲದಿದ್ರೆ ಆ ಊರಿನ ಆ ಕಂಪನ ಇನ್ಯಾವತ್ತೂ ಯಾರಿಗೂ ಸಿಗಲ್ಲ. ಇವತ್ತಿನ ವಿಷಯ ಆ ಬರೆದುಕೊಂಡ ದಾಖಲೆಗಳು, ಅವನ್ನ ಕೂಡಿಡೋ ಭಂಡಾರಗಳು, ಮತ್ತು ಅವಕ್ಕೂ ನೀವು ಇಎಂಐ ಕಟ್ತಿರೋ ಫ್ಲಾಟಿಗೂ ಇರೋ ಸಂಬಂಧ. ನಾನು ಎಂಟೆಕ್‌ನಲ್ಲಿ ಓದಿದ್ದು ಸ್ಟ್ರಕ್ಚರ್ಸ್, ಹೊಟ್ಟೆಪಾಡಿಗೆ ಸೇರಿದ್ದು ಸಾಫ್ಟ್‌ವೇರ್. ಎರಡೂ ಕಡೆಯವನಾಗಿ ಈ ವಿಷಯ ನನಗೆ ಸ್ವಲ್ಪ ಹತ್ತಿರದ್ದು.

ದಾಖಲೆ ಅಂದ್ರೆ ಏನು?

ಭೂಕಂಪ ಅಂದ ಕೂಡಲೇ ಟಿವಿಯಲ್ಲಿ ಒಂದು ಸಂಖ್ಯೆ ಹೇಳ್ತಾರೆ. 6.2, 7.7, ಹೀಗೆ. ಅದು ತೀವ್ರತೆಯ ಮಾಪನ, ಇಡೀ ಭೂಕಂಪಕ್ಕೆ ಒಂದೇ ಸಂಖ್ಯೆ. ನಿಮ್ಮ ಕಟ್ಟಡಕ್ಕೆ ಆ ಸಂಖ್ಯೆ ಕಟ್ಕೊಂಡು ಆಗಬೇಕಾದ್ದು ಹೆಚ್ಚೇನಿಲ್ಲ. ಕಟ್ಟಡಕ್ಕೆ ಬೇಕಾದ್ದು ಬೇರೆ ಪ್ರಶ್ನೆಗೆ ಉತ್ತರ: ನನ್ನ ಕಾಲ ಕೆಳಗಿನ ನೆಲ ಯಾವ ದಿಕ್ಕಿಗೆ, ಎಷ್ಟು ಜೋರಾಗಿ, ಎಷ್ಟು ಬೇಗ ಬೇಗ, ಎಷ್ಟು ಹೊತ್ತು ಅಲ್ಲಾಡಿತು?

ಇದನ್ನ ಬರೆದುಕೊಳ್ಳೋ ಯಂತ್ರದ ಹೆಸರು ಆಕ್ಸಿಲರೋಗ್ರಾಫ್. ದೂರದ ಭೂಕಂಪ ಪತ್ತೆ ಮಾಡೋ ಸೀಸ್ಮೋಗ್ರಾಫ್ ಬಹಳ ಸೂಕ್ಷ್ಮ. ಜಪಾನಿನಲ್ಲಾದ ಕಂಪನವನ್ನೂ ಅದು ಇಲ್ಲಿ ಕೂತು ಹಿಡಿಯುತ್ತೆ. ಆದ್ರೆ ಭೂಕಂಪ ಪಕ್ಕದಲ್ಲೇ ಆದ್ರೆ ಅದರ ಗೆರೆ ಕಾಗದ ದಾಟಿ ಹೊರಗೆ ಹೋಗಿಬಿಡುತ್ತೆ, ಪಿಸುಮಾತು ಕೇಳೋ ಮೈಕಿನ ಮುಂದೆ ಪಟಾಕಿ ಹಚ್ಚಿದ ಹಾಗೆ. ಆಕ್ಸಿಲರೋಗ್ರಾಫ್ ಇದಕ್ಕೆ ತದ್ವಿರುದ್ಧ. ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತೆ, ನೆಲ ಜೋರಾಗಿ ಅಲ್ಲಾಡಿದಾಗ ಮಾತ್ರ ಏಳುತ್ತೆ. ಎರಡು ಅಡ್ಡ ದಿಕ್ಕು, ಒಂದು ಮೇಲೆ-ಕೆಳಗಿನ ದಿಕ್ಕು, ಒಟ್ಟು ಮೂರು ದಿಕ್ಕಿನಲ್ಲಿ ನೆಲದ ಆಕ್ಸಿಲರೇಶನ್ ಬರೆಯುತ್ತೆ.

ಹಳೇ ಯಂತ್ರಗಳು ಫೋಟೋ ಕಾಗದ ಅಥವಾ ಫಿಲ್ಮಿನ ಮೇಲೆ ಬೆಳಕಿನ ಗೆರೆ ಎಳೀತಿದ್ವು. ಆಮೇಲೆ ಯಾರೋ ಕೂತು ಆ ಗೆರೆಯನ್ನ ಬಿಂದು ಬಿಂದುವಾಗಿ ಅಂಕಿಗೆ ಇಳಿಸಬೇಕಿತ್ತು. ಈಗಿನವು ಡಿಜಿಟಲ್. ಸೆಕೆಂಡಿಗೆ 100 ಅಥವಾ 200 ಸಲ ಅಳೀತವೆ. ಲೆಕ್ಕ ಹಾಕಿ: ಸೆಕೆಂಡಿಗೆ 100 ಸಲ, ಮೂರು ದಿಕ್ಕು, ಒಂದು ನಿಮಿಷ, ಒಟ್ಟು 18,000 ಅಂಕಿ. ನಿಮ್ಮ ಫೋನಿನಲ್ಲಿರೋ ಒಂದು ಗುಡ್ ಮಾರ್ನಿಂಗ್ ಫೋಟೋಗಿಂತ ಚಿಕ್ಕ ಫೈಲು. ಆದ್ರೆ ಅದರ ಬೆಲೆ ನೋಡಿ.

ಅಳತೆಯ ಘಟಕ "ಜಿ", ಅಂದ್ರೆ ಗುರುತ್ವಾಕರ್ಷಣೆಯ ಆಕ್ಸಿಲರೇಶನ್. ನೆಲದ ಜೊತೆಗೇ ಒಂದು ಗಟ್ಟಿ ಪೆಟ್ಟಿಗೆ 0.5 ಜಿ ಅಡ್ಡಕ್ಕೆ ಅಲ್ಲಾಡಿತು ಅಂದ್ರೆ, ಅದರ ಅರ್ಧ ತೂಕದಷ್ಟು ಬಲ ಅದನ್ನ ಪಕ್ಕಕ್ಕೆ ತಳ್ಳಿದ ಹಾಗೆ. ನಮ್ಮ ಮನೆಗಳು ತೂಕವನ್ನ ಕೆಳಮುಖವಾಗಿ ಹೊರೋಕೆ ಚೆನ್ನಾಗಿ ಕಲಿತಿವೆ. ಅಡ್ಡಕ್ಕೆ ತಳ್ಳಿದಾಗಲೇ ಕಷ್ಟ.

ಕೊಯ್ನಾ, 1967

ಪುಣೆಯಲ್ಲಿರೋರು ಹಬ್ಬಕ್ಕೆ ಬೆಳಗಾವಿ, ಹುಬ್ಬಳ್ಳಿ ಕಡೆ ಹೊರಟಾಗ ಸಾತಾರಾ ಆದ ಮೇಲೆ ಕರಾಡ ದಾಟ್ತೀವಿ. ಆ ಕರಾಡದಲ್ಲೇ ಕೊಯ್ನಾ ನದಿ ಬಂದು ಕೃಷ್ಣೆಗೆ ಸೇರೋದು. ಅಂದ್ರೆ ಮುಂದೆ ನಮ್ಮ ಆಲಮಟ್ಟಿಗೆ ಬರೋ ನೀರು. ಅಲ್ಲಿಂದ ಪಶ್ಚಿಮಕ್ಕೆ, ಪಾಟಣ ದಾಟಿ ಘಟ್ಟದ ಕಡೆ ಹೋದ್ರೆ ಕೊಯ್ನಾ ಡ್ಯಾಮ್. ಎತ್ತರ 103 ಮೀಟರ್, ಕಾಂಕ್ರೀಟಿನದ್ದು. 1960ರ ದಶಕದ ಶುರುವಿನಲ್ಲಿ ನೀರು ತುಂಬೋಕೆ ಆರಂಭಿಸಿದ್ರು. ನೀರು ಏರಿದ ಹಾಗೆ ಸುತ್ತಮುತ್ತ ಸಣ್ಣ ಸಣ್ಣ ಕಂಪನ ಶುರುವಾಯ್ತು. ದಖನ್ನಿನ ಕಪ್ಪು ಕಲ್ಲಿನ ನೆಲ ಗಟ್ಟಿ, ಇಲ್ಲಿ ದೊಡ್ಡ ಭೂಕಂಪ ಆಗಲ್ಲ ಅನ್ನೋ ನಂಬಿಕೆ ಆಗ ಬಲವಾಗಿತ್ತು.

1967ರ ಡಿಸೆಂಬರ್ 11ರ ಬೆಳಗಿನ ಜಾವ, ನಾಲ್ಕೂಕಾಲು ದಾಟಿದ ಹೊತ್ತಿಗೆ, ಸುಮಾರು 6.3 ತೀವ್ರತೆಯ ಭೂಕಂಪ ಆಯ್ತು. ಕೊಯ್ನಾನಗರದ ಮನೆಗಳು ಬಿದ್ದವು, ಸುಮಾರು 180 ಜನ ಸತ್ತರು. ಡ್ಯಾಮ್ ನಿಂತಿತು. ಆದ್ರೆ ಮೈಮೇಲೆ ಬಿರುಕು ಬಿಟ್ಟಿತು. ನೀರು ಹರಿದುಹೋಗೋ ಭಾಗವಲ್ಲದ, ಎತ್ತರದ ಬ್ಲಾಕುಗಳಲ್ಲಿ ಮೇಲ್ಭಾಗಕ್ಕೆ ಹತ್ತಿರ, ಅಡ್ಡಡ್ಡಕ್ಕೆ, ನೀರಿನ ಕಡೆಯೂ ಹೊರಗಡೆಯೂ.

ಇಲ್ಲೇ ನಮ್ಮ ಕಥೆಯ ಮುಖ್ಯ ಪಾತ್ರ ಬರೋದು. ಡ್ಯಾಮಿನ ಹೊಟ್ಟೆಯೊಳಗಿನ ಗ್ಯಾಲರಿಯಲ್ಲಿ, 1ಎ ಅನ್ನೋ ಬ್ಲಾಕಿನಲ್ಲಿ, ಒಂದು ಆಕ್ಸಿಲರೋಗ್ರಾಫ್ ಇಟ್ಟಿದ್ರು. ಅದು ಎಚ್ಚರವಾಗಿತ್ತು, ಆ ಕಂಪನ ಪೂರ್ತಿ ಬರೆದುಕೊಂಡಿತು. ಡ್ಯಾಮಿನ ಉದ್ದಕ್ಕೆ 0.63 ಜಿ, ನದಿ ಹರಿಯೋ ದಿಕ್ಕಿಗೆ 0.49 ಜಿ, ಮೇಲೆ-ಕೆಳಗೆ 0.34 ಜಿ. ಜೋರಾದ ಭಾಗ ಹತ್ತು ಸೆಕೆಂಡಿನೊಳಗೆ ಮುಗಿದಿತ್ತು.

ಆ ಡ್ಯಾಮನ್ನ ಡಿಸೈನ್ ಮಾಡುವಾಗ ಭೂಕಂಪಕ್ಕೆ ಅಂತ ಹಿಡಿದಿದ್ದು ತೂಕದ 0.05 ಪಾಲು, ಅಂದ್ರೆ ನೂರಕ್ಕೆ ಐದರಷ್ಟು ಅಡ್ಡ ಬಲ, ಬುಡದಿಂದ ತುದಿವರೆಗೆ ಒಂದೇ ಸಮ. ಇದನ್ನೂ 0.49 ಜಿ ಅನ್ನೋದನ್ನೂ ನೇರವಾಗಿ ಪಕ್ಕಪಕ್ಕ ಇಟ್ಟು "ಹತ್ತು ಪಟ್ಟು" ಅನ್ನೋದು ಸರಿಯಲ್ಲ. ಒಂದು ಯಾವಾಗಲೂ ತಳ್ಳುತ್ತಲೇ ಇರೋ ಬಲದ ಲೆಕ್ಕ, ಇನ್ನೊಂದು ಕಣ್ಣು ಮಿಟುಕಿಸೋ ಹೊತ್ತಿನ ಶಿಖರ. ಆದ್ರೂ ಲೆಕ್ಕದ ಪದ್ಧತಿಯಲ್ಲೇ ಏನೋ ಬಿಟ್ಟುಹೋಗಿದೆ ಅನ್ನೋದು ಎಲ್ಲರಿಗೂ ಗೊತ್ತಾಯ್ತು.

ಏನು ಬಿಟ್ಟುಹೋಗಿತ್ತು ಅನ್ನೋದನ್ನ ಆ ದಾಖಲೆ ತೋರಿಸ್ತು. ಅಮೆರಿಕದ ಬರ್ಕ್ಲಿಯಲ್ಲಿ ಅನಿಲ್ ಚೋಪ್ರಾ ಮತ್ತು ಪಿ. ಚಕ್ರಬರ್ತಿ ಕೊಯ್ನಾದ ಆ ಅಂಕಿಗಳನ್ನ ಕಂಪ್ಯೂಟರಿಗೆ ಕೊಟ್ಟು, ಲೆಕ್ಕದ ಡ್ಯಾಮನ್ನ ಅದೇ ಥರ ಅಲ್ಲಾಡಿಸಿದರು. 1973ರಲ್ಲಿ ಪ್ರಕಟವಾದ ಅವರ ಲೆಕ್ಕದ ತಾತ್ಪರ್ಯ ಇಷ್ಟು: ಡ್ಯಾಮ್ ಅನ್ನೋದು ಗಟ್ಟಿ ಬಂಡೆಯ ಹಾಗೆ ಒಟ್ಟಾಗಿ ಅಲ್ಲಾಡಲ್ಲ, ಬುಡ ಹಿಡಿದ ಕೋಲಿನ ಹಾಗೆ ಬಳುಕುತ್ತೆ, ತುದಿ ಹೆಚ್ಚು ಬೀಸುತ್ತೆ. ಹೊರಗಡೆಯ ಇಳಿಜಾರು ತಟ್ಟನೆ ಬದಲಾಗೋ ಎತ್ತರದಲ್ಲಿ ಎಳೆತ ಕಾಂಕ್ರೀಟು ತಾಳೋದಕ್ಕಿಂತ ಹೆಚ್ಚಾಗುತ್ತೆ. ನಿಜವಾದ ಬಿರುಕು ಬಿದ್ದಿದ್ದೂ ಅಲ್ಲೇ. ಹಳೇ ಪದ್ಧತಿಯ ಲೆಕ್ಕದಲ್ಲಿ ಆ ಜಾಗದಲ್ಲಿ ಅಪಾಯವೇ ಕಾಣ್ತಿರಲಿಲ್ಲ.

ಆಮೇಲೆ ಕೊಯ್ನಾಕ್ಕೆ ಹೊರಗಡೆಯಿಂದ ಕಾಂಕ್ರೀಟಿನ ಆನಿಕೆ ಕೊಟ್ಟು ಬಲಪಡಿಸಿದರು. ನಮ್ಮ ದೇಶದ ಭೂಕಂಪ ಸಂಹಿತೆ ಐಎಸ್ 1893 ಇದೆಯಲ್ಲ, ಅದರ 1970ರ ಆವೃತ್ತಿಯಲ್ಲಿ ಕೊಯ್ನಾ ಪ್ರದೇಶ ನಾಲ್ಕನೇ ವಲಯಕ್ಕೆ ಏರಿತು. ಇನ್ನೊಂದು ಪರಿಣಾಮ ನಮ್ಮವರಿಗೆ ಇಷ್ಟವಾಗುತ್ತೆ: ಪ್ರಪಂಚದಲ್ಲಿ ಯಾರೇ ಕಾಂಕ್ರೀಟ್ ಡ್ಯಾಮಿಗೆ ಹೊಸ ಲೆಕ್ಕದ ಪದ್ಧತಿ ಬರೆದ್ರೂ ಪರೀಕ್ಷೆಗೆ ಮೊದಲು ಹಾಕಿ ನೋಡೋ ದತ್ತಾಂಶಗಳಲ್ಲಿ ಕೊಯ್ನಾ ಒಂದು. ಅಬಾಕಸ್ ಅನ್ನೋ ಹೆಸರಾಂತ ಸಿಮ್ಯುಲೇಶನ್ ಸಾಫ್ಟ್‌ವೇರಿನ ಉದಾಹರಣೆಗಳಲ್ಲೂ ಕೊಯ್ನಾ ಡ್ಯಾಮ್ ಇದೆ. ನಮ್ಮ ಮಾತಲ್ಲಿ ಹೇಳೋದಾದ್ರೆ, ಯೂನಿಟ್ ಟೆಸ್ಟ್. ಇನ್‌ಪುಟ್ ಗೊತ್ತು, ಅದು ಆ ದಾಖಲೆ. ನಿಜವಾದ ಔಟ್‌ಪುಟ್ಟೂ ಗೊತ್ತು, ಅದು ಆ ಬಿರುಕು. ನಿಮ್ಮ ಕೋಡ್ ಬಿರುಕನ್ನ ಸರಿಯಾದ ಜಾಗದಲ್ಲಿ ತೋರಿಸುತ್ತಾ ಇಲ್ವಾ ನೋಡಿ.

ಕಿಲ್ಲಾರಿ, 1993

ಈಗ ಇಪ್ಪತ್ತಾರು ವರ್ಷ ಮುಂದೆ ಬನ್ನಿ. ಅದೇ ದಖನ್, ಅದೇ ಮಹಾರಾಷ್ಟ್ರ, ಆದ್ರೆ ಆಗ್ನೇಯದ ಕಡೆ. ಲಾತೂರ್ ಜಿಲ್ಲೆಯ ಕಿಲ್ಲಾರಿ. ನಮ್ಮ ಬೀದರ್, ಕಲಬುರಗಿಗೆ ನೆರೆಯ ಸೀಮೆ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕಕ್ಕೆ ಹತ್ತಿರ. ಗಣೇಶನನ್ನ ಕಳಿಸಿ ಬಂದು ಜನ ಮಲಗಿದ್ದ ಹೊತ್ತು. ತೀವ್ರತೆ 6.2, ಅಂದ್ರೆ ಕೊಯ್ನಾದ್ದಕ್ಕೆ ಹೆಚ್ಚುಕಡಿಮೆ ಸಮ. ಸತ್ತವರು ಸರಕಾರಿ ಲೆಕ್ಕದಲ್ಲೇ 8,000ದ ಹತ್ತಿರ.

ಕೊಂದದ್ದು ಮನೆಗಳು. ಕಾಡುಗಲ್ಲು, ಮಣ್ಣಿನ ಗಾರೆ, ದಪ್ಪ ಗೋಡೆ, ಮೇಲೆ ಬಿಸಿಲು ತಡೀಲಿ ಅಂತ ವರ್ಷ ವರ್ಷ ಮಣ್ಣು ಪೇರಿಸಿದ ಭಾರದ ಮಾಳಿಗೆ. ಹೈದರಾಬಾದ್ ಕರ್ನಾಟಕದ ಹಳ್ಳಿ ಕಡೆಯೋರಿಗೆ ಈ ಮನೆ ವಿವರಿಸೋದೇ ಬೇಡ. ಬೇಸಿಗೆಯಲ್ಲಿ ತಂಪು, ಭೂಕಂಪದಲ್ಲಿ ಗೋರಿ.

ಈಗ ಎಂಜಿನಿಯರ್ ಕೇಳೋ ಪ್ರಶ್ನೆ: ಕಿಲ್ಲಾರಿಯ ನೆಲ ಎಷ್ಟು ಜಿ ಅಲ್ಲಾಡಿತು? ಎಷ್ಟು ಸೆಕೆಂಡು? ಕರಿಮಣ್ಣು ಅದನ್ನ ಹೆಚ್ಚು ಮಾಡ್ತಾ? ಇಂಥ ಮನೆಗೆ ಎಷ್ಟು ಕಟ್ಟು ಹಾಕಿದ್ರೆ ನಿಲ್ಲುತ್ತೆ?

ಉತ್ತರಕ್ಕೆ ಬೇಕಾದ ಫೈಲ್ ಇಲ್ಲ. ಮುಖ್ಯ ಕಂಪನದ ಹೊತ್ತಿಗೆ ಆ ಹಳ್ಳಿಗಳ ಹತ್ತಿರ ಒಂದೂ ಆಕ್ಸಿಲರೋಗ್ರಾಫ್ ಇರಲಿಲ್ಲ. ಆಮೇಲೆ ಯಂತ್ರ ತಂದಿಟ್ಟರು, ಮರುಕಂಪನಗಳು ಸಿಕ್ಕವು. ಆದ್ರೆ ಆ ಬೆಳಗಿನ ಜಾವದ ಕಂಪನ ಹೋಯ್ತು. ಬಿದ್ದ ಗೋಡೆ, ಉಳಿದ ನೀರಿನ ಟ್ಯಾಂಕು, ಜಾರಿದ ಕಲ್ಲು ನೋಡಿ ಹಿಂದಕ್ಕೆ ಲೆಕ್ಕ ಹಾಕಿ ಅಂದಾಜು ಮಾಡಿದ್ದಾರೆ, ಕಂಪ್ಯೂಟರಿನಲ್ಲಿ ಕೃತಕ ದಾಖಲೆ ತಯಾರಿಸಿದ್ದಾರೆ. ಅವು ಬೇಕು, ಉಪಯೋಗಕ್ಕೂ ಬರ್ತವೆ. ಆದ್ರೆ ಟೆಸ್ಟ್ ಡೇಟಾ ಪ್ರೊಡಕ್ಷನ್ ಡೇಟಾ ಅಲ್ಲ ಅನ್ನೋದು ನಿಮಗೇ ಗೊತ್ತು.

ಕೊಯ್ನಾದಲ್ಲಿ ಯಂತ್ರ ಇತ್ತು, ಯಾಕಂದ್ರೆ ಅಲ್ಲಿ ಡ್ಯಾಮ್ ಇತ್ತು. ಕಿಲ್ಲಾರಿಯಲ್ಲಿ ಇದ್ದದ್ದು ಹಳ್ಳಿಗಳು. ಪ್ರಾಣ ಹೆಚ್ಚು ಹೋದ ಕಡೆಯಿಂದ ಕಡಿಮೆ ಕಲಿತೆವು. ಈ ಬರಹದಲ್ಲಿ ನಾನು ಹೇಳಬೇಕಾದ್ದು ಒಂದೇ ಮಾತು ಅಂತಿದ್ರೆ ಅದು ಇದೇ.

2001ರ ಜನವರಿ 26ರ ಭುಜ್ ಭೂಕಂಪದಲ್ಲೂ ಹೆಚ್ಚುಕಡಿಮೆ ಇದೇ ಕಥೆ. ತೀವ್ರತೆ 7.7, ಸತ್ತವರು 13,800ಕ್ಕೂ ಹೆಚ್ಚು. ಕಛ್‌ನಲ್ಲಿ ಕೆಲವು ಸರಳ ಸಾಧನಗಳಿದ್ದವು. ಮಸಿ ಹಿಡಿಸಿದ ಗಾಜಿನ ಮೇಲೆ ಅತಿ ಹೆಚ್ಚು ಎಷ್ಟು ಬೀಸಿತು ಅಂತ ಗೀರು ಎಳೆಯೋ ಲೋಲಕಗಳು. ಗರಿಷ್ಠ ಎಷ್ಟು ಅಂತ ಗೊತ್ತಾಗುತ್ತೆ, ಸೆಕೆಂಡು ಸೆಕೆಂಡಿಗೆ ಏನಾಯ್ತು ಗೊತ್ತಾಗಲ್ಲ. ಪೂರ್ತಿ ದಾಖಲೆ ಅಂತ ಎಲ್ಲರೂ ಬಳಸೋದು ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಅಹಮದಾಬಾದಿನದ್ದು, ಅಲ್ಲಿನ ಪಾಸ್‌ಪೋರ್ಟ್ ಆಫೀಸ್ ಕಟ್ಟಡದ ತಳದಲ್ಲಿದ್ದ ಯಂತ್ರದ್ದು. ಅದರಲ್ಲಿ ಶಿಖರ 0.1 ಜಿ ಆಸುಪಾಸು ಅಷ್ಟೇ. ಆದ್ರೂ ಆ ನಗರದಲ್ಲಿ ಹತ್ತಾರು ಅಪಾರ್ಟ್‌ಮೆಂಟುಗಳು ಕುಸಿದವು. ಅವುಗಳಲ್ಲಿ ಬಹಳಷ್ಟು ಕೆಳಗೆ ಬರೀ ಕಂಬ, ಕಾರ್ ಪಾರ್ಕಿಂಗ್, ಮೇಲೆ ಗೋಡೆ ತುಂಬಿದ ಮಹಡಿಗಳು. ನೀವು ಈಗ ಯಾವ ಥರದ ಕಟ್ಟಡದಲ್ಲಿ ಕೂತು ಇದನ್ನ ಓದ್ತಿದ್ದೀರಿ, ಒಮ್ಮೆ ನೋಡ್ಕೊಳ್ಳಿ.

ಇನ್ನೊಂದೂರಿನ ಭೂಕಂಪ, ನಮ್ಮೂರಿನ ಕಟ್ಟಡ

ನಮ್ಮೂರಿನ ದಾಖಲೆ ಇಲ್ಲ ಅಂದ್ರೆ ಎಂಜಿನಿಯರ್ ಏನು ಮಾಡ್ತಾನೆ? ಸಾಲ ತರ್ತಾನೆ. ಭಂಡಾರಗಳು ಹುಟ್ಟಿದ್ದೇ ಇದಕ್ಕೆ.

ಇಡೀ ಪ್ರಪಂಚ ಹೆಚ್ಚು ಸಾಲ ತಂದ ದಾಖಲೆ ಎಲ್ ಸೆಂಟ್ರೋದ್ದು. ಕ್ಯಾಲಿಫೋರ್ನಿಯಾದ ಇಂಪೀರಿಯಲ್ ವ್ಯಾಲಿ, 1940ರ ಮೇ 18. ಅಲ್ಲಿನ ಯಂತ್ರ ಹಿಡಿದ ಉತ್ತರ-ದಕ್ಷಿಣ ದಿಕ್ಕಿನ ಕಂಪನ, ಶಿಖರ ಸುಮಾರು 0.32 ಜಿ. ಸ್ಟ್ರಕ್ಚರ್ಸ್‌ನಲ್ಲಿ ಎಂಟೆಕ್ ಮಾಡಿದ ಯಾರನ್ನಾದ್ರೂ ಕೇಳಿ, ಅವರ ಹಳೇ ಪೆನ್‌ಡ್ರೈವ್‌ನಲ್ಲಿ ಆ ಟೆಕ್ಸ್ಟ್ ಫೈಲ್ ಇದ್ದೇ ಇರುತ್ತೆ. 0.02 ಸೆಕೆಂಡಿಗೊಂದರಂತೆ ಸುಮಾರು 1,560 ಅಂಕಿ. ನಾನೂ ಅದನ್ನೇ ಮ್ಯಾಟ್‌ಲ್ಯಾಬ್‌ಗೆ ಕೊಟ್ಟು ರಾತ್ರಿಯೆಲ್ಲ ಲೆಕ್ಕದ ಕಟ್ಟಡ ಅಲ್ಲಾಡಿಸಿದವನೇ.

ಆದ್ರೆ ಒಂದೇ ದಾಖಲೆ ನಂಬಿದ್ರೆ ಅಪಾಯ. ಎರಡು ಉದಾಹರಣೆ ಕೊಡ್ತೀನಿ.

ಮೊದಲನೆಯದು ಮೆಕ್ಸಿಕೋ ಸಿಟಿ, 1985ರ ಸೆಪ್ಟೆಂಬರ್ 19. ಭೂಕಂಪ ಆಗಿದ್ದು ಮುನ್ನೂರೈವತ್ತು ಕಿಲೋಮೀಟರಿಗೂ ಆಚೆ, ಸಮುದ್ರದ ದಡದಲ್ಲಿ. ನಗರದ ಗಟ್ಟಿ ನೆಲದಲ್ಲಿದ್ದ ಯಂತ್ರ ತೋರಿಸಿದ್ದು 0.03-0.04 ಜಿ. ಆದ್ರೆ ಹಳೇ ಕೆರೆಯ ಜೇಡಿಮಣ್ಣಿನ ಮೇಲಿದ್ದ ಎಸ್‌ಸಿಟಿ ಅನ್ನೋ ಜಾಗದಲ್ಲಿ 0.17 ಜಿ, ಅದೂ ಎರಡು ಸೆಕೆಂಡಿಗೊಂದು ಸಲ, ಉಯ್ಯಾಲೆ ತೂಗಿದ ಹಾಗೆ. ಪ್ರತಿ ಕಟ್ಟಡಕ್ಕೂ ತನ್ನದೇ ತೂಗಾಟದ ಲಯ ಇರುತ್ತೆ. ಒರಟು ಲೆಕ್ಕದಲ್ಲಿ ಒಂದು ಮಹಡಿಗೆ 0.1 ಸೆಕೆಂಡು, ಅಂದ್ರೆ ಹತ್ತು ಮಹಡಿಯದ್ದು ಒಂದು ಸೆಕೆಂಡು. ಕಂಬಗಳು ಬಿರುಕು ಬಿಡ್ತಾ ಹೋದ ಹಾಗೆ ಲಯ ಇನ್ನೂ ನಿಧಾನ ಆಗಿ ಎರಡರ ಕಡೆ ಸರಿಯುತ್ತೆ. ನೆಲದ ಲಯಕ್ಕೆ ಕಟ್ಟಡದ ಲಯ ಕೂಡಿದ್ರೆ, ಉಯ್ಯಾಲೆಗೆ ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ. ಆ ನಗರದಲ್ಲಿ ಹೆಚ್ಚು ಪೆಟ್ಟು ತಿಂದದ್ದು ಆರರಿಂದ ಹದಿನೈದು ಮಹಡಿಯ ಕಟ್ಟಡಗಳು. ಅದೇ ನೆಲದ ಮೇಲಿದ್ದ ಎಷ್ಟೋ ಒಂದೆರಡು ಮಹಡಿಯ ಮನೆಗಳು ಉಳಿದವು.

ಎರಡನೆಯದು ಇದರ ಉಲ್ಟಾ. ಜಪಾನಿನ 2011ರ ಮಾರ್ಚ್ 11ರ ಮಹಾ ಭೂಕಂಪದಲ್ಲಿ ತ್ಸುಕಿದಾತೆ ಅನ್ನೋ ಕೇಂದ್ರದಲ್ಲಿ ಸಿಕ್ಕ ಶಿಖರ 2.7 ಜಿ. ಕೇಳಿದ್ರೆ ಎದೆ ಝಲ್ ಅನ್ನುತ್ತೆ. ಆದ್ರೆ ಆ ಊರಿನಲ್ಲಿ ಕಂಪನದಿಂದ ಕಟ್ಟಡಗಳಿಗಾದ ಹಾನಿ ಆ ಸಂಖ್ಯೆಗೆ ಹೋಲಿಸಿದ್ರೆ ಬಹಳ ಕಡಿಮೆ. ಯಾಕಂದ್ರೆ ಆ ಅಲ್ಲಾಟ ಬಹಳ ಚುರುಕಿನದ್ದು, ಕಟ್ಟಡ ಬಳುಕೋಕೆ ಶುರು ಮಾಡೋ ಮೊದಲೇ ನೆಲ ದಿಕ್ಕು ಬದಲಿಸಿರುತ್ತೆ.

ಇವೆರಡನ್ನೂ ಶಿಖರದ ಸಂಖ್ಯೆ ಮಾತ್ರ ಇಟ್ಟುಕೊಂಡು ಹೇಳೋಕೆ ಆಗ್ತಿರಲಿಲ್ಲ. ಪೂರ್ತಿ ದಾಖಲೆ ಬೇಕಾಯ್ತು. ಅದಕ್ಕೇ ಈಗಿನ ಪದ್ಧತಿಯಲ್ಲಿ ಒಂದರ ಬದಲು ಒಂದು ಗುಂಪು ದಾಖಲೆ ಆರಿಸ್ತಾರೆ. ಅಮೆರಿಕದ ಸಂಹಿತೆಯ ಈಚಿನ ಆವೃತ್ತಿಗಳು ವಿವರವಾದ ಪರೀಕ್ಷೆಗೆ ಕನಿಷ್ಠ 11 ದಾಖಲೆ ಕೇಳ್ತವೆ. ನಮ್ಮ ಜಾಗಕ್ಕೆ ಬರಬಹುದಾದ ತೀವ್ರತೆ, ದೂರ, ಮಣ್ಣು, ಇವಕ್ಕೆ ಹೋಲೋ ದಾಖಲೆಗಳನ್ನ ಭಂಡಾರದಲ್ಲಿ ಹುಡುಕಿ, ಅಳತೆ ಹೊಂದಿಸಿ, ಒಂದೊಂದಾಗಿ ಲೆಕ್ಕದ ಕಟ್ಟಡಕ್ಕೆ ಹಾಕಿ ನೋಡೋದು.

ಅಂಕಿ ಮಾತ್ರ ಇದ್ರೆ ಸಾಲದು

ಭಂಡಾರ ಅಂದ್ರೆ ಫೈಲುಗಳನ್ನ ಒಂದು ಫೋಲ್ಡರಿಗೆ ತುಂಬೋದಲ್ಲ. ನಮ್ಮ ಕೆಲಸದಲ್ಲೂ ಡೇಟಾ ಲೇಕ್ ಅಂತ ಶುರು ಮಾಡಿ ಕೊನೆಗೆ ಕೆಸರು ಹೊಂಡ ಮಾಡಿಕೊಂಡಿರೋದು ನೋಡಿದ್ದೀವಲ್ಲ!

ಪ್ರತಿ ದಾಖಲೆಯ ಜೊತೆ ಅದರ ಜಾತಕ ಬೇಕು. ಯಂತ್ರ ಎಲ್ಲಿತ್ತು, ಬಯಲಿನಲ್ಲಾ, ನೆಲಮಾಳಿಗೆಯಲ್ಲಾ, ಡ್ಯಾಮಿನ ಒಳಗಾ? ಕೊಯ್ನಾದ್ದು ಡ್ಯಾಮಿನ ಒಳಗಿನದ್ದು ಅನ್ನೋದು ಗೊತ್ತಿಲ್ಲದೆ ಬಳಸಿದ್ರೆ ಅರ್ಥವೇ ಬದಲಾಗುತ್ತೆ. ಕೆಳಗಿನ ಮಣ್ಣು ಮೆತ್ತಗಾ, ಬಂಡೆಯಾ? ಭೂಮಿ ಸೀಳಿದ ಜಾಗದಿಂದ ಎಷ್ಟು ದೂರ? ಯಂತ್ರದ ಮೂತಿ ಯಾವ ದಿಕ್ಕಿಗಿತ್ತು?

ಆಮೇಲೆ ಸ್ವಚ್ಛ ಮಾಡೋ ಕೆಲಸ. ಇದು ಕೋಡ್ ಬರೆಯೋರಿಗೆ ಮಜಾ ಕೊಡುತ್ತೆ. ಯಂತ್ರ ಅಳೆಯೋದು ಆಕ್ಸಿಲರೇಶನ್. ನೆಲ ಎಷ್ಟು ಸೆಂಟಿಮೀಟರ್ ಸರಿಯಿತು ಅಂತ ಬೇಕಾದ್ರೆ ಎರಡು ಸಲ ಇಂಟಿಗ್ರೇಟ್ ಮಾಡಬೇಕು. ಯಂತ್ರದ ಸೊನ್ನೆ ಗೆರೆ ಕೂದಲೆಳೆಯಷ್ಟು ಆಚೀಚೆ ಇದ್ರೂ ಎರಡು ಸಲ ಕೂಡಿಸೋ ಹೊತ್ತಿಗೆ ನೆಲ ಎಲ್ಲೋ ಓಡಿಹೋಗಿರುತ್ತೆ. ಕಂಪನ ನಿಂತ ಮೇಲೂ ಊರು ಪಕ್ಕಕ್ಕೆ ಜಾರುತ್ತಲೇ ಇದೆ ಅಂತ ಲೆಕ್ಕ ಹೇಳುತ್ತೆ. ಇದನ್ನ ಸರಿಪಡಿಸೋದಕ್ಕೆ ಬೇಸ್‌ಲೈನ್ ಕರೆಕ್ಷನ್ ಅಂತಾರೆ, ಜೊತೆಗೆ ಸದ್ದು ತೆಗೆಯೋ ಫಿಲ್ಟರ್. ಯಾವ ಫಿಲ್ಟರ್ ಹಾಕಿದ್ರಿ ಅನ್ನೋದನ್ನ ಬರೆದಿಡಬೇಕು, ಕಚ್ಚಾ ದಾಖಲೆ ಹಾಗೇ ಉಳಿಸಬೇಕು. ಕ್ಯಾಲ್‌ಟೆಕ್‌ನವರು 1970ರ ಸುಮಾರಿಗೆ ಹಳೇ ಕಾಗದದ ದಾಖಲೆಗಳನ್ನ ಒಂದೇ ಪದ್ಧತಿಯಲ್ಲಿ ಅಂಕಿಗೆ ಇಳಿಸಿದಾಗ ಕಚ್ಚಾ, ಸರಿಪಡಿಸಿದ್ದು, ಲೆಕ್ಕ ಹಾಕಿದ್ದು ಅಂತ ಬೇರೆ ಬೇರೆ ಸಂಪುಟಗಳಾಗಿಯೇ ಪ್ರಕಟಿಸಿದರು. ಗಿಟ್ ಹುಟ್ಟೋಕೆ ಎಷ್ಟೋ ಮೊದಲು!

ಬರ್ಕ್ಲಿಯ ಪೀರ್ ಕೇಂದ್ರದ ಎನ್‌ಜಿಎ-ವೆಸ್ಟ್2 ಭಂಡಾರ ಈ ಥರದ ಜಾತಕ ಸಮೇತದ ದೊಡ್ಡ ಕೆಲಸ. 599 ಭೂಕಂಪಗಳಿಂದ 21,336 ದಾಖಲೆ. ಕಾಸ್ಮೋಸ್ ಅನ್ನೋ ಒಕ್ಕೂಟದ ಉದ್ದೇಶವೂ ಇದೇ: ಬೇರೆ ಬೇರೆ ಸಂಸ್ಥೆಗಳ ದಾಖಲೆ ಒಂದೇ ಬಾಗಿಲಿನಿಂದ ಸಿಗಬೇಕು.

ದುಡ್ಡು ಯಾರದ್ದು, ಡೇಟಾ ಯಾರದ್ದು?

ವರ್ಷಗಟ್ಟಲೆ ಏನೂ ಮಾಡದೆ ಕೂರೋ ಯಂತ್ರಕ್ಕೆ ಯಾರು ದುಡ್ಡು ಕೊಡ್ತಾರೆ? ಬ್ಯಾಟರಿ ಬದಲಾಯಿಸೋದು ಯಾರು? ನಿಜವಾದ ಕಷ್ಟ ಇಲ್ಲಿರೋದು.

ಲಾಸ್ ಏಂಜಲಿಸ್ ನಗರ 1965ರಲ್ಲಿ ಒಂದು ನಿಯಮ ತಂದಿತು: ಹೊಸದಾಗಿ ಕಟ್ಟೋ ಎತ್ತರದ ಕಟ್ಟಡಗಳು ಮೂರು ಆಕ್ಸಿಲರೋಗ್ರಾಫ್ ಇಟ್ಟುಕೊಳ್ಳಬೇಕು. ಆರು ವರ್ಷ ಕಳೀತು. 1971ರ ಫೆಬ್ರವರಿ 9ರಂದು ಸ್ಯಾನ್ ಫರ್ನಾಂಡೋ ಭೂಕಂಪ ಆದಾಗ ಒಂದೇ ಏಟಿಗೆ ಇನ್ನೂರಕ್ಕೂ ಹೆಚ್ಚು ದಾಖಲೆ ಸಿಕ್ಕವು. ಪಕೋಯ್ಮಾ ಡ್ಯಾಮಿನ ಪಕ್ಕದ ಬಂಡೆಯ ಮೇಲಿದ್ದ ಯಂತ್ರ 1 ಜಿ ದಾಟಿದ ಕಂಪನ ಹಿಡಿಯಿತು. ನೆಲ ಅಷ್ಟು ಜೋರಾಗಿ ಅಲ್ಲಾಡಲ್ಲ ಅಂತಿದ್ದವರ ಬಾಯಿ ಕಟ್ಟಿತು. ಮರುವರ್ಷವೇ ಕ್ಯಾಲಿಫೋರ್ನಿಯಾ ರಾಜ್ಯ ಸ್ವಂತ ಯೋಜನೆ ಶುರು ಮಾಡಿತು. ಅದಕ್ಕೆ ದುಡ್ಡು ಬರೋದು ಕಟ್ಟಡದ ಪರ್ಮಿಟ್ ಶುಲ್ಕದಿಂದ. ಮನೆ ಕಟ್ಟೋರು ಕೊಟ್ಟ ಪುಡಿಗಾಸಿನಿಂದ ಎಲ್ಲರ ಮನೆಗೆ ಬೇಕಾದ ಅಂಕಿ.

ಜಪಾನಿಗೆ ಪಾಠ ಕಲಿಸಿದ್ದು 1995ರ ಜನವರಿ 17ರ ಕೋಬೆ, 6,400ಕ್ಕೂ ಹೆಚ್ಚು ಸಾವು. ಒಂದೂವರೆ ವರ್ಷದೊಳಗೆ ಅವರು ಕೆ-ನೆಟ್ ಅನ್ನೋ ಜಾಲ ಶುರು ಮಾಡಿದರು. ದೇಶದ ಉದ್ದಗಲಕ್ಕೂ ಸುಮಾರು 20 ಕಿಲೋಮೀಟರಿಗೊಂದರಂತೆ 1,000 ಕೇಂದ್ರ. ದಾಖಲೆ ಇಂಟರ್ನೆಟ್ಟಿನಲ್ಲಿ ಹಾಕೋದು ಮೊದಲಿನಿಂದಲೇ ಯೋಜನೆಯ ಭಾಗ. ಕೋಬೆಯ ಕಂಪನದ ದಾಖಲೆಯನ್ನ ಇವತ್ತಿಗೂ ಮಿಕಿ ನಗರದ ಇ-ಡಿಫೆನ್ಸ್ ಅನ್ನೋ ದೈತ್ಯ ಅಲ್ಲಾಡೋ ವೇದಿಕೆಯ ಮೇಲೆ ಮತ್ತೆ ಮತ್ತೆ ನುಡಿಸ್ತಾರೆ. ನಿಜ ಗಾತ್ರದ ಕಟ್ಟಡ ಮೇಲೆ ನಿಲ್ಲಿಸಿ, ಆ ಬೆಳಗಿನ ಕಂಪನ ಕೊಟ್ಟು ನೋಡ್ತಾರೆ. ಆ ದಾಖಲೆ ಉಳಿದದ್ದಕ್ಕೆ ಅದು ಸಾಧ್ಯ.

ನಮ್ಮಲ್ಲಿ ಏನೂ ಆಗಿಲ್ಲ ಅಂತ ಅಲ್ಲ. 1980ರ ದಶಕದ ನಡುವಿನಿಂದ ರೂರ್ಕಿಯವರು ಕಾಂಗ್ಡಾ, ಶಿಲ್ಲಾಂಗ್, ಗಢವಾಲ್ ಕಡೆ ಯಂತ್ರಗಳ ಸಾಲು ಹಾಕಿದರು. ಅದರ ಫಲವಾಗಿ 1991ರ ಅಕ್ಟೋಬರ್ 20ರ ಉತ್ತರಕಾಶಿ ಭೂಕಂಪ 13 ಕೇಂದ್ರಗಳಲ್ಲಿ ಸಿಕ್ಕಿತು. ಉತ್ತರಕಾಶಿಯಲ್ಲೇ ಶಿಖರ 0.3 ಜಿ ಆಸುಪಾಸು. ಆಮೇಲೆ ಐಐಟಿ ರೂರ್ಕಿ ಸುಮಾರು 300 ಯಂತ್ರಗಳ ಜಾಲ ಕಟ್ಟಿ, ಪೆಸ್ಮಾಸ್ ಅನ್ನೋ ಹೆಸರಲ್ಲಿ ದಾಖಲೆಗಳನ್ನ ಸಂಶೋಧಕರಿಗೆ ಕೊಟ್ಟಿತು. ಬಹುಪಾಲು ಉತ್ತರ ಮತ್ತು ಈಶಾನ್ಯದಲ್ಲಿ. ಅಪಾಯ ಹೆಚ್ಚಿರೋದು ಹಿಮಾಲಯದಲ್ಲಿ, ಹಾಗಾಗಿ ಅದು ಸರಿಯೇ. ಆದ್ರೆ ಕಿಲ್ಲಾರಿಯನ್ನ ನೆನೆಸಿಕೊಂಡರೆ ದಖನ್ನಿನವರಾದ ನಮಗೆ ಅಷ್ಟಕ್ಕೇ ಸಮಾಧಾನ ಸಾಲದು.

ಕಾನೂನಿನಲ್ಲೂ ದಾರಿ ಇದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 30 ಮೀಟರ್ ಅಥವಾ ಅದಕ್ಕೂ ಎತ್ತರದ ಡ್ಯಾಮುಗಳಲ್ಲಿ ಸಣ್ಣ ಕಂಪನವನ್ನೂ ಪ್ರಬಲ ಕಂಪನವನ್ನೂ ದಾಖಲಿಸೋ ಕೇಂದ್ರ ಇರಬೇಕು ಅನ್ನುತ್ತೆ. ನಮ್ಮ ಸೂಪಾ, ಲಿಂಗನಮಕ್ಕಿ, ಕೆಆರ್‌ಎಸ್, ತುಂಗಭದ್ರಾ, ಆಲಮಟ್ಟಿ ಎಲ್ಲ ಆ ಎತ್ತರ ಮೀರಿದವೇ. ಎತ್ತರದ ಕಟ್ಟಡಗಳ ಸಂಹಿತೆ ಐಎಸ್ 16700 ಕೂಡ ಐದನೇ ವಲಯದ ಎತ್ತರದ ಕಟ್ಟಡಗಳಲ್ಲಿ, ಮತ್ತು ಮೂರು, ನಾಲ್ಕನೇ ವಲಯದಲ್ಲಿ 150 ಮೀಟರ್ ದಾಟಿದವುಗಳಲ್ಲಿ ಮೂರು ದಿಕ್ಕಿನ ಆಕ್ಸಿಲರೋಮೀಟರ್ ಇರಬೇಕು ಅನ್ನುತ್ತೆ. ಐಎಸ್ 1893ರ 2016ರ ಆವೃತ್ತಿಯ ನಕ್ಷೆಯಲ್ಲಿ ಮುಂಬೈ, ಪುಣೆ, ಚೆನ್ನೈ ಮೂರನೇ ವಲಯ, ದೆಹಲಿ ನಾಲ್ಕು, ಹೈದರಾಬಾದ್ ಮತ್ತು ಬೆಂಗಳೂರು ಎರಡು. ಮುಂಬೈಯ ಐವತ್ತು ಮಹಡಿ ಟವರಿನಲ್ಲಿ ಫ್ಲಾಟ್ ತಗೊಂಡೋರು ಇದನ್ನ ಗಮನಿಸಿ.

ನಾವು ಕೇಳಬೇಕಾದ್ದು

ಸೊಸೈಟಿ ಮೀಟಿಂಗಿನಲ್ಲಿ ನೀರಿನ ಟ್ಯಾಂಕರ್, ಪಾರ್ಕಿಂಗ್, ಲಿಫ್ಟು, ಎಲ್ಲದರ ಬಗ್ಗೆ ಗಂಟೆಗಟ್ಟಲೆ ಮಾತಾಡ್ತೀವಿ. ಇನ್ನು ಮೂರು ಪ್ರಶ್ನೆ ಸೇರಿಸಿಕೊಳ್ಳಿ. ಒಂದು, ನಮ್ಮ ಕಟ್ಟಡವನ್ನ ಯಾವ ವಲಯಕ್ಕೆ, ಯಾವ ಥರದ ಮಣ್ಣು ಅಂತ ಹಿಡಿದು ಡಿಸೈನ್ ಮಾಡಿದ್ದಾರೆ? ಬಿಲ್ಡರ್ ಹತ್ತಿರ ಸ್ಟ್ರಕ್ಚರಲ್ ಡ್ರಾಯಿಂಗ್ ಕೇಳಿದ್ರೆ ಅದರ ಟಿಪ್ಪಣಿಯಲ್ಲೇ ಇರುತ್ತೆ. ಎರಡು, 150 ಮೀಟರ್ ದಾಟಿದ್ರೆ ಆಕ್ಸಿಲರೋಮೀಟರ್ ಎಲ್ಲಿದೆ, ಅದರ ಬ್ಯಾಟರಿ ಕೊನೆಗೆ ಯಾವಾಗ ನೋಡಿದ್ರು? ಮೂರು, ನಾಳೆ ಕಂಪನ ಆದ್ರೆ ಆ ದಾಖಲೆ ಎಲ್ಲಿಗೆ ಹೋಗುತ್ತೆ? ಗೋಡೆಯ ಪೆಟ್ಟಿಗೆಯೊಳಗೇ ಉಳಿಯುತ್ತಾ, ಇಲ್ಲ ಯಾರಾದ್ರೂ ಕಲಿಯೋ ಜಾಗಕ್ಕೆ ತಲುಪುತ್ತಾ?

ಮೂರನೇ ಪ್ರಶ್ನೆಗೆ ಉತ್ತರ ಕಟ್ಟೋರು ನಾವೇ ಆಗಬಹುದು. ಸೆನ್ಸರ್‌ನಿಂದ ಡೇಟಾ ತರೋದು, ಸಮಯ ಹೊಂದಿಸೋದು, ಮೆಟಾಡೇಟಾ ಕಾಯೋದು, ಎಪಿಐ ಬರೆಯೋದು, ಬ್ಯಾಕಪ್ ಇಡೋದು, ಇವೆಲ್ಲ ಈ ಚಾನೆಲ್ ನೋಡೋರ ದಿನನಿತ್ಯದ ಕೆಲಸ. ಭೂಕಂಪ ತಜ್ಞರಿಗೆ ಬೇಕಿರೋ ಕೈಗಳಲ್ಲಿ ಅರ್ಧದಷ್ಟು ನಮ್ಮಂಥವರವು.

ಕೊಯ್ನಾದ ಆ ಯಂತ್ರವನ್ನ ಇಟ್ಟವರಿಗೆ ಅದು ಏನು ಬರೆಯುತ್ತೆ, ಯಾವಾಗ ಬರೆಯುತ್ತೆ ಗೊತ್ತಿರಲಿಲ್ಲ. ಇಟ್ಟರು, ಕಾಯ್ದರು, ಕೆಡದ ಹಾಗೆ ನೋಡಿಕೊಂಡರು. ಐವತ್ತು ವರ್ಷ ದಾಟಿದೆ, ಇವತ್ತೂ ಯಾವುದೋ ದೇಶದ ವಿದ್ಯಾರ್ಥಿ ಆ ಹತ್ತು ಸೆಕೆಂಡಿನ ಫೈಲ್ ತೆರೆದು ತನ್ನೂರಿನ ಡ್ಯಾಮಿನ ಲೆಕ್ಕ ಸರಿನೋಡ್ತಿರ್ತಾನೆ. ಕಿಲ್ಲಾರಿಯವರಿಗೆ ನಾವು ಅಂಥದ್ದೊಂದು ಫೈಲ್ ಉಳಿಸಿಕೊಡಲಿಲ್ಲ. ಮುಂದಿನ ಊರಿಗಾದ್ರೂ ಉಳಿಸೋಣ.

ಮುಂದಿನ ಮಾತಲ್ಲಿ ಸಿಗೋಣ. ಅಷ್ಟರಲ್ಲಿ ಆ ಡ್ರಾಯಿಂಗ್ ಕೇಳಿ ನೋಡಿ.